ಕರು ಚೀಪಿದರೆ ತಾಯಿಯ ಅಂಜಿಕೆ ಏಕೆ ತಗ್ಗುತ್ತದೆ?

ಜಮಖಂಡಿ ತಾಲ್ಲೂಕಿನ ತುಬಚಿ ಮತ್ತು ಕೃಷ್ಣಾ ತೀರದ ಇತರ ಊರುಗಳಲ್ಲಿ ಎಮ್ಮೆ ಹಿಂಡುವ ಮೊದಲು ಕರು ಬಿಡುವುದು ವಾಡಿಕೆ. ಕರು ನಾಲ್ಕು ಸಲ ಕೆಚ್ಚಲಿಗೆ ಗುದ್ದಿ ಚೀಪಿದ ಮೇಲೆ ಎಮ್ಮೆ ತೊರೆ ಬಿಡುತ್ತದೆ. ಇದು ಹಾಲಿಗಾಗಿ ಮಾಡುವ ಉಪಾಯವೆಂದಷ್ಟೇ ಹಲವರ ಎಣಿಕೆ. ಆದರೆ ಮೊಲೆಯೂಡುವುದರಿಂದ ತಾಯಿಯ ಮಿದುಳಿನಲ್ಲಿಯೂ ಒಂದು ಬದಲಾವಣೆ ಆಗುತ್ತದೆ. ನಾನು ಬೆಳೆಶಾಸ್ತ್ರದವನು, ಪಶುವೈದ್ಯನಲ್ಲ. ಜೋಳದ ಮಾತಿಗೆ ಹೋದಲ್ಲಿಯೂ ರೈತರು ಎಮ್ಮೆಯ ಮಾತನ್ನೇ ಮೊದಲು ತೆಗೆಯುವುದರಿಂದ ಇದನ್ನು ಓದಿ ತಿಳಿಯಬೇಕಾಯಿತು.

ಪ್ರಾಣಿ ಬೆದರಿದಾಗ ಮಿದುಳು ತನ್ನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ. ಅಲ್ಲಿಂದ ಹೊರಟ ಹಾರ್ಮೋನು ರಕ್ತದಲ್ಲಿ ಹರಿದು, ಮೂತ್ರಪಿಂಡಗಳ ಬಳಿ ಇರುವ ಅಡ್ರಿನಲ್ ಗ್ರಂಥಿಗಳಿಂದ ಕಾರ್ಟಿಸಾಲ್ ಎಂಬ ರಸವನ್ನು ಹೊರಡಿಸುತ್ತದೆ. ಓಡಿ ಪಾರಾಗಲು ಇದು ಬೇಕು. ಬಹುಕಾಲ ಏರಿಯೇ ಇದ್ದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ.

ಮರಿಗೆ ಮೊಲೆಯೂಡುತ್ತಿರುವ ಇಲಿಗಳನ್ನು ಬೆದರಿಸಿದಾಗ ಈ ಬಗೆಯ ಹಾರ್ಮೋನು ಬಹಳ ಕಡಿಮೆ ಏರುತ್ತದೆ. ಮರಿಗಳನ್ನು ಬೇರ್ಪಡಿಸಿದರೆ ಒಂದೆರಡು ದಿನಗಳಲ್ಲಿ ಹಳೆಯ ಅಂಜಿಕೆ ಮರಳುತ್ತದೆ. 1995ರಲ್ಲಿ ಅಮೆರಿಕದಲ್ಲಿ ಬಾಣಂತಿಯರನ್ನು ಓಟದ ಯಂತ್ರದ ಮೇಲೆ ನಡೆಸಿ ಪರೀಕ್ಷಿಸಿದಾಗಲೂ, ಮೊಲೆಯೂಡುವವರಲ್ಲಿ ಕಾರ್ಟಿಸಾಲ್ ಏರಿಕೆ ಉಳಿದವರಿಗಿಂತ ಕಡಿಮೆ ಇತ್ತು. ಚೀಪುವಾಗ ಮಿದುಳಿನಲ್ಲಿಯೇ ಒಸರುವ ಆಕ್ಸಿಟೋಸಿನ್ ಮತ್ತು ಪ್ರೊಲ್ಯಾಕ್ಟಿನ್ ಹಾರ್ಮೋನುಗಳು ಬೆದರಿಕೆಯ ಸಂದೇಶವನ್ನು ತಗ್ಗಿಸುತ್ತವೆ. ಹಾಗೆಂದು ತಾಯಿ ಮಂಕಾಗುವುದಿಲ್ಲ. ಅಪಾಯ ಮರಿಗೇ ಬಂದರೆ ಇಲಿಯ ಮೈ ಮೊದಲಿನಷ್ಟೇ ಎಚ್ಚರಗೊಳ್ಳುತ್ತದೆ.

ಇಲಿಯ ಲೆಕ್ಕವನ್ನು ಹಾಗೆಯೇ ಎಮ್ಮೆಗೆ ಹಚ್ಚಲಾಗದು. ಆಕಳಿಗೆ ಹಿಂಡುವಾಗಲೇ ಕಾರ್ಟಿಸಾಲ್ ತುಸು ಏರುವುದುಂಟು. ಆದರೂ ಯಂತ್ರದಿಂದ ಹಿಂಡಿದಾಗ ಬರುವುದಕ್ಕಿಂತ ಹೆಚ್ಚು ಆಕ್ಸಿಟೋಸಿನ್ ಕರು ಚೀಪಿದಾಗ ಬರುತ್ತದೆ. ಹೊಸ ಜಾಗದಲ್ಲಿ ಹಿಂಡಿದರೆ ಅದು ಇಳಿಯುತ್ತದೆ. 1941ರಲ್ಲಿಯೇ ಏಲಿ ಮತ್ತು ಪೀಟರ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು, ಬೆದರಿದ ಆಕಳು ಹಾಲು ಕದಿಯಲು ಅಡ್ರಿನಲಿನ್ ಕಾರಣವೆಂದು ತೋರಿಸಿದ್ದರು.

ಕರು ಸತ್ತ ಎಮ್ಮೆಗೆ ಆಕ್ಸಿಟೋಸಿನ್ ಚುಚ್ಚುಮದ್ದು ಹಾಕಿ ಹಿಂಡುವವರು ಇದನ್ನು ಗಮನಿಸಬೇಕು. ಚುಚ್ಚಿದ ಔಷಧಿ ಕೆಚ್ಚಲನ್ನು ಹಿಂಡಿಸುತ್ತದೆಯೇ ಹೊರತು ರಕ್ತದಿಂದ ಮಿದುಳಿಗೆ ಸೇರುವುದು ಅತ್ಯಲ್ಪ. ಹಾಲು ಬರುತ್ತದೆ, ಅಂಜಿಕೆ ಅಲ್ಲಿಯೇ ಉಳಿಯುತ್ತದೆ. ಹಾಲಿಗಾಗಿ ಪ್ರಾಣಿಯ ಆರೋಗ್ಯ ಕೆಡಿಸುವ ಚುಚ್ಚುಮದ್ದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು. ಪಶುವೈದ್ಯರು ಚಿಕಿತ್ಸೆಗಾಗಿ ಕೊಡುವುದು ಬೇರೆ ಮಾತು.

ಆದುದರಿಂದ ಕರುವನ್ನು ಉಳಿಸಿಕೊಳ್ಳುವುದೇ ಲಾಭ. ಗಂಡು ಕರುವೆಂದು ಹಾಲು ತಪ್ಪಿಸಿ ಸಾಯಬಿಡುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಅದು ಕೊನೆಗೆ ತಂಬಿಗೆಗೇ ನಷ್ಟ. ಹುಟ್ಟಿದ ಒಂದೆರಡು ತಾಸಿನಲ್ಲಿಯೇ ಗಿಣ್ಣದ ಹಾಲು ಕುಡಿಸಿರಿ. ಹತ್ತು-ಹದಿನೈದು ದಿನಗಳಾದಾಗ ಪಶುವೈದ್ಯರನ್ನು ಕೇಳಿ ಜಂತುಹುಳುವಿನ ಔಷಧಿ ಹಾಕಿಸಿರಿ. ಎಮ್ಮೆಗರುಗಳು ಹೆಚ್ಚಾಗಿ ಸಾಯುವ ಕಾರಣಗಳಲ್ಲಿ ಈ ಹುಳುವೂ ಒಂದು.

ಕರು ಸತ್ತೇ ಹೋದರೆ ಹಿಂಡುವ ಕೈ, ಜಾಗ, ಹೊತ್ತು ಯಾವುದನ್ನೂ ಬದಲಿಸಬೇಡಿರಿ. ಮುಂದೆ ಹಿಂಡಿಯಿಟ್ಟು, ಉಗುರುಬೆಚ್ಚಗಿನ ನೀರಿನಿಂದ ಕೆಚ್ಚಲು ತೊಳೆದು, ಒಂದು ನಿಮಿಷ ನೀವಿರಿ. ಕೆಲವು ದಿನ ಹಾಲು ಕಡಿಮೆಯಾದರೂ ಬಡಿಯಬೇಡಿರಿ. 2019ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದಾಗ ಈ ಭಾಗದ ದನಗಳನ್ನು ಎತ್ತರದ ಜಾಗಗಳಿಗೆ ಸಾಗಿಸಬೇಕಾಯಿತು. ಮತ್ತೆ ಅಂಥ ಹೊತ್ತು ಬಂದರೆ ತಾಯಿ-ಕರುಗಳನ್ನು ಒಂದೇ ಗಾಡಿಯಲ್ಲಿ ಒಯ್ದು, ಒಂದೇ ಕಡೆ ಕಟ್ಟಿರಿ.