ಹಾಲಿನ ಲೆಕ್ಕ ಇಟ್ಟೆ, ಗೌರಿಯ ಗೊರಸು ನೋಡಲೇ ಇಲ್ಲ

ನಮ್ಮ ಮನೆಯ ಆಕಳು ಗೌರಿಯ ಹಾಲಿನ ಲೆಕ್ಕ ನನ್ನ ಮೊಬೈಲಿನಲ್ಲಿದೆ. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಹಿಂಡಿಗೆ ಎಷ್ಟು ಖರ್ಚಾಯ್ತು, ಎಲ್ಲ ಒಂದೇ ಎಕ್ಸೆಲ್ ಶೀಟಿನಲ್ಲಿ. ಅವ್ವ ಫೋನಿನಲ್ಲಿ ಹೇಳುತ್ತಾಳೆ, ನಾನು ಹೈದರಾಬಾದಿನ ರೂಮಿನಲ್ಲಿ ಕೂತು ತುಂಬುತ್ತೇನೆ.

ಕಳೆದ ಮಳೆಗಾಲದಲ್ಲಿ ದಿನಕ್ಕೆ 11 ಲೀಟರ್ ಇದ್ದ ಹಾಲು ಮೂರೇ ವಾರದಲ್ಲಿ 6ಕ್ಕೆ ಇಳಿಯಿತು. ಗ್ರಾಫ್ ಕೆಳಗೆ ಹೋಗುತ್ತಿರುವುದು ಕಾಣುತ್ತಿತ್ತು, ಕಾರಣ ಕಾಣುತ್ತಿರಲಿಲ್ಲ. "ಜೋಳದ ನುಚ್ಚು ಇನ್ನಷ್ಟು ಹಾಕ್ರಿ" ಅಂದೆ. ಅವ್ವ ಹಾಕಿದಳು. ಹಾಲು ಏರಲಿಲ್ಲ.

ಶುಕ್ರವಾರ ರಾತ್ರಿ ಬಸ್ ಹತ್ತಿ ಹುಮನಾಬಾದಿನಲ್ಲಿ ಇಳಿದು ಊರಿಗೆ ಹೋದೆ. ನಮ್ಮೂರು ಹುಮನಾಬಾದ್ ಮತ್ತು ಬಸವಕಲ್ಯಾಣದ ನಡುವೆ, ರಾಜೇಶ್ವರದ ಹತ್ತಿರ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಗೌರಿ ಬೆನ್ನು ಬಿಲ್ಲಿನಂತೆ ಬಾಗಿಸಿ, ಹಿಂದಿನ ಬಲಗಾಲಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಂತಿದ್ದಳು. ಗೊರಸು ಉದ್ದ ಬೆಳೆದು ಮೊನೆ ಮೇಲಕ್ಕೆ ಎದ್ದಿತ್ತು.

"ಎಂಟ್ ದಿನ ಆಯ್ತು, ಕುಂಟ್ಲಕತ್ತದ. ಬರೋ ಸಂತಿಗೆ ಮಾರಿ ಬಿಡೋಣ" ಅಂದರು ಅಪ್ಪ. ಸಾಲ ಮಾಡಿ 65,000 ರೂಪಾಯಿಗೆ ತಂದ ಎಚ್‌ಎಫ್ ಮಿಶ್ರತಳಿ ಆಕಳು. ಇನ್ನೂ ಹತ್ತು ಕಂತು ಬಾಕಿ. ಕುಂಟುವ ಆಕಳಿಗೆ ಯಾರು ಎಷ್ಟು ಕೊಡುತ್ತಾರೆ?

ನಾನು ಮಾಡಿದ ತಪ್ಪು

ಎಂಜಿನಿಯರ್ ಅಲ್ವಾ, ನಾಲ್ಕು ವಿಡಿಯೊ ನೋಡಿದೆ. ವಿದೇಶದ ಫಾರ್ಮ್‌ಗಳಲ್ಲಿ ಗ್ರೈಂಡರ್ ಹಿಡಿದು ಐದೇ ನಿಮಿಷದಲ್ಲಿ ಗೊರಸು ಚೊಕ್ಕ ಮಾಡುತ್ತಾರೆ. ವೆಲ್ಡಿಂಗ್ ಅಂಗಡಿಯಿಂದ ಗ್ರೈಂಡರ್ ತಂದೆ. ಗೌರಿಯನ್ನು ಬೇವಿನ ಮರಕ್ಕೆ ಕಟ್ಟಿ, ಹಗ್ಗ ಹಾಕಿ ಕಾಲು ಎತ್ತಿಸಿ, ಮೊನೆಗೆ ಗ್ರೈಂಡರ್ ಇಟ್ಟೆ. ಒಂದು ನಿಮಿಷವೂ ಆಗಿರಲಿಲ್ಲ, ರಕ್ತ ಚಿಮ್ಮಿತು. ಗೌರಿ ಒದ್ದಾಡಿದಳು. ಅವ್ವ ನನ್ನ ಮುಖ ನೋಡಲಿಲ್ಲ. ಅದು ಬೈಗುಳಕ್ಕಿಂತ ಜಾಸ್ತಿ ಆಯ್ತು.

1962ಕ್ಕೆ ಫೋನ್ ಮಾಡಿದೆವು. ಅದು ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ. ಬಂದ ಡಾಕ್ಟರ್ ಮೊದಲು ರಕ್ತ ನಿಲ್ಲಿಸಿ ಪಟ್ಟಿ ಕಟ್ಟಿದರು. ಆಮೇಲೆ ಅದೇ ಗೊರಸಿನ ಹೊರಗಿನ ಹೋಳಿನ ಅಡಿ ಕೆರೆದಾಗ ಕಪ್ಪು ಕೀವು ಹೊರಬಂತು. ನೋವಿದ್ದದ್ದು ಅಲ್ಲಿ. ನಾನು ಕೊಯ್ದದ್ದು ಇನ್ನೊಂದು ಕಡೆ.

ಆಕಳಿನ ಗೊರಸಿಗೆ ಎರಡು ಹೋಳು. ಒಂದಕ್ಕೆ ನೋವಾದರೆ ಚೆನ್ನಾಗಿರುವ ಹೋಳಿಗೆ ಮರದ ಅಟ್ಟೆ ಅಂಟಿಸಬೇಕಂತೆ. ಆಗ ಭಾರ ಆ ಕಡೆ ಹೋಗಿ, ನೋವಿನ ಹೋಳು ನೆಲಕ್ಕೆ ತಾಗುವುದಿಲ್ಲ. ನಮ್ಮೂರ ಬಡಿಗೇರರು ಜಾಲಿ ಮರದ ತುಂಡು ಕೊಯ್ದು ಕೊಟ್ಟರು, ಡಾಕ್ಟರ್ ಅಂಟಿಸಿದರು. ಮೂರನೇ ದಿನ ಗೌರಿ ನಾಲ್ಕೂ ಕಾಲಿನ ಮೇಲೆ ನಿಂತಳು.

ಗೊರಸು ಯಾಕೆ ಹೀಗೆ ಬೆಳೆಯಿತು?

ಗೊರಸು ನಮ್ಮ ಉಗುರಿನ ಹಾಗೆ, ತಿಂಗಳಿಗೆ ಸುಮಾರು 5 ಮಿ.ಮೀ. ಬೆಳೆಯುತ್ತದೆ. ಅಜ್ಜನ ಕಾಲದಲ್ಲಿ ಮನೆಯಲ್ಲಿದ್ದದ್ದು ದೇವಣಿ ಆಕಳು. ದಿನವಿಡೀ ಕೆಂಪು ಮೊರಂ ನೆಲದಲ್ಲಿ ಮೇಯುತ್ತಿತ್ತು, ಬೆಳೆದದ್ದು ನಡೆದೇ ಸವೆಯುತ್ತಿತ್ತು. ಗೌರಿ ದಿನವಿಡೀ ಸಿಮೆಂಟ್ ನೆಲದ ಮೇಲೆ, ಎರಡು ಮೊಳ ಹಗ್ಗದಲ್ಲಿ. ನಡಿಗೆ ಇಲ್ಲ, ಸವೆತ ಇಲ್ಲ. ಮೊನೆ ಉದ್ದವಾದಂತೆ ಭಾರ ಹಿಮ್ಮಡಿಗೆ ಸರಿಯುತ್ತದೆ, ಒಳಗಿನ ಮೃದು ಭಾಗ ಜಜ್ಜುತ್ತದೆ. ಸೆಗಣಿ, ಗಂಜಲದಲ್ಲಿ ಮೆತ್ತಗಾದ ಗೊರಸಿಗೆ ಕಲ್ಲು ಚುಚ್ಚಿದರೆ ಕೀವು.

ಇನ್ನೊಂದು ಕಾರಣ ಕೇಳಿ ನನಗೆ ನಾಚಿಕೆಯಾಯಿತು. ಕಾಳು, ನುಚ್ಚು, ಮದುವೆ ಮನೆಯಲ್ಲಿ ಉಳಿದ ಅನ್ನ, ಇವನ್ನು ಒಮ್ಮೆಲೇ ಜಾಸ್ತಿ ಹಾಕಿದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ, ಗೊರಸಿನ ಒಳಪದರಕ್ಕೂ ಏಟು ಬೀಳುತ್ತದೆ. ನಾನು ಫೋನಿನಲ್ಲಿ ಕೊಟ್ಟ ಸಲಹೆ ಅದೇ!

ನಾಲಬಂದ ಚಾಚಾ

ಉಳಿದ ಮೂರು ಕಾಲಿಗೆ ನಾನು ಕೈ ಹಾಕಲಿಲ್ಲ. ಅಪ್ಪನಿಗೆ ಹುಮನಾಬಾದಿನ ಒಬ್ಬ ನಾಲಬಂದ ಚಾಚಾ ನೆನಪಾದರು. ಎತ್ತಿಗೆ ನಾಲ ಬಡಿಯುವ ಮೊದಲು ಗೊರಸು ಕೆತ್ತಿ ಸಮ ಮಾಡಲೇಬೇಕು. ಆ ಕೆಲಸ ಅವರಿಗೆ ಬಾಯಿಪಾಠ. ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾದ ಮೇಲೆ ಈಗ ಮಗನ ಪಂಕ್ಚರ್ ಅಂಗಡಿಯಲ್ಲಿ ಕೂರುತ್ತಾರೆ. ಹೈನದ ಆಕಳಿಗೆ ಅಂತ ಅವರನ್ನು ಯಾರೂ ಕರೆದಿರಲಿಲ್ಲವಂತೆ.

ಬಾಗಿದ ಚಾಕು, ಉಳಿ, ಅರ, ಅವರ ಚೀಲದಲ್ಲಿದ್ದದ್ದು ಇಷ್ಟೇ. ಸ್ವಲ್ಪ ಕೆತ್ತುವುದು, ಹೆಬ್ಬೆರಳಿನಿಂದ ಒತ್ತಿ ನೋಡುವುದು, ಮತ್ತೆ ಸ್ವಲ್ಪ. "ಬೇಟಾ, ಒತ್ತಿದ್ರ ಮೆತ್ತಗ ಅನಿಸ್ಲಕತ್ತು ಅಂದ್ರ ಅಲ್ಲೇ ಕೈ ನಿಲ್ಸು. ಮುಂದ ರಕ್ತ ಅದ" ಅಂದರು.

ಇದನ್ನೇ ನೆದರ್ಲೆಂಡ್ಸ್‌ನ ಪಶುವೈದ್ಯ ಟೌಸೇಂಟ್ ರಾವೆನ್ ಅಳತೆ ಹಾಕಿ ಹೇಳಿಕೊಟ್ಟರು. ಅದು ಇಂದು ಜಗತ್ತಿನಾದ್ಯಂತ 'ಡಚ್ ಪದ್ಧತಿ'. ಎಚ್‌ಎಫ್ ಆಕಳಿಗೆ ಮುಂಭಾಗದ ಗೋಡೆ ಮೇಲಿನಿಂದ ಮೊನೆಯವರೆಗೆ ಸುಮಾರು 7.5 ಸೆಂ.ಮೀ.ಗಿಂತ ಗಿಡ್ಡ ಆಗಬಾರದು. ಅಡಿಯಲ್ಲಿ 5ರಿಂದ 7 ಮಿ.ಮೀ. ದಪ್ಪ ಉಳಿಯಬೇಕು. ಎರಡೂ ಹೋಳು ಒಂದೇ ಎತ್ತರಕ್ಕೆ ಬರಬೇಕು. ಹಿಂಗಾಲಿನಲ್ಲಿ ಸಾಮಾನ್ಯವಾಗಿ ಹೊರಗಿನ ಹೋಳೇ ಹೆಚ್ಚು ಬೆಳೆಯುತ್ತದೆ, ಕುಂಟುವಿಕೆ ಹೆಚ್ಚಾಗಿ ಶುರುವಾಗುವುದೂ ಅಲ್ಲೇ.

ಮನೆಯಲ್ಲಿ ಆಕಳಿದ್ದರೆ

* ಆಕಳು ನಡೆಯುವಾಗ ಬೆನ್ನು ನೋಡಿ. ನಿಂತಾಗ ಸಮ, ನಡೆದಾಗ ಬಾಗಿದರೆ ಅದೇ ಮೊದಲ ಸೂಚನೆ. ಕುಂಟುವುದು ಕಾಣುವ ಹೊತ್ತಿಗೆ ತಡವಾಗಿರುತ್ತದೆ.
* ವರ್ಷಕ್ಕೆ 2 ಸಲ ಗೊರಸು ತೋರಿಸಿ. ಕರು ಹಾಕುವ ಸುಮಾರು 2 ತಿಂಗಳು ಮೊದಲು ಹಾಲು ಬಿಡಿಸುವಾಗ ಒಂದು ಸಲ ಮಾಡಿಸಿದರೆ ಅನುಕೂಲ.
* ಮಲಗಲು ಒಣ, ಮೆತ್ತನೆಯ ಜಾಗ ಕೊಡಿ. ಆಕಳಿಗೆ ದಿನಕ್ಕೆ 12 ತಾಸಿನಷ್ಟು ಮಲಗುವುದು ಬೇಕು. ಸಿಮೆಂಟ್ ಮೇಲೆ ರಬ್ಬರ್ ಮ್ಯಾಟ್ ಅಥವಾ ಒಣ ಹೊಟ್ಟು ಹಾಕಿ, ದಿನಕ್ಕೆ ಒಂದಿಷ್ಟು ಹೊತ್ತು ಮಣ್ಣಿನ ಮೇಲೆ ಬಿಡಿ.
* ಗೊರಸು ತೊಳೆದು ಮೈಲುತುತ್ತದ ನೀರಿನಲ್ಲಿ ನಿಲ್ಲಿಸಬಹುದು, 10 ಲೀಟರ್ ನೀರಿಗೆ 500 ಗ್ರಾಂ. ಎಷ್ಟು ದಿನಕ್ಕೊಮ್ಮೆ ಅಂತ ಡಾಕ್ಟರನ್ನು ಕೇಳಿ. ಆ ನೀರನ್ನು ದನ, ಕುರಿ ಕುಡಿಯಬಾರದು. ಕುರಿಗಳಿಗಂತೂ ತಾಮ್ರ ಬಲು ಬೇಗ ವಿಷವಾಗುತ್ತದೆ.
* ಕುಂಟುವುದರ ಜೊತೆ ಜ್ವರ, ಜೊಲ್ಲು, ಬಾಯಲ್ಲಿ ಹುಣ್ಣು ಇದ್ದರೆ ಅದು ಕಾಲುಬಾಯಿ ಬೇನೆ ಇರಬಹುದು. ಆಗ ಚಾಕು ಮುಟ್ಟಬೇಡಿ, ಉಳಿದ ದನಗಳಿಂದ ದೂರ ಕಟ್ಟಿ ಡಾಕ್ಟರನ್ನು ಕರೆಯಿರಿ.
* ಗ್ರೈಂಡರ್ ಮಾತ್ರ ಕಲಿಯದೇ ಹಿಡಿಯಬೇಡಿ. ನನ್ನ ಮಾತು ನಂಬಿ.

ಹೈನುಗಾರಿಕೆ ದೊಡ್ಡದಾಗಿರುವ ದೇಶಗಳಲ್ಲಿ ಗೊರಸು ಕೆತ್ತುವುದು ಒಂದು ವೃತ್ತಿ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ನಮ್ಮ ಬೀದರಿನಲ್ಲೇ. ಚಾಚಾನಂಥವರ ಕೈಯೂ ಇನ್ನೂ ನಮ್ಮ ನಡುವೆ ಇದೆ. ತಾಲ್ಲೂಕಿಗೆ ನಾಲ್ಕು ಹುಡುಗರು ಇದನ್ನು ಸರಿಯಾಗಿ ಕಲಿತರೆ ಅವರಿಗೆ ಕೆಲಸಕ್ಕೆ ಬರ ಇರಲಾರದು ಅಂತ ನನಗನಿಸುತ್ತದೆ.

ಗೌರಿ ಈಗ 10 ಲೀಟರ್‌ಗೆ ಬಂದಿದ್ದಾಳೆ. ಸಂತೆಯ ಮಾತು ಅಪ್ಪ ಮತ್ತೆ ಎತ್ತಿಲ್ಲ. ನನ್ನ ಶೀಟಿಗೆ 'ನಡಿಗೆ' ಅಂತ ಒಂದು ಕಾಲಂ ಸೇರಿಸಿದ್ದೇನೆ. ಸರಿಯಾಗಿ ನಡೆದರೆ 1, ಕಾಲು ಊರಲೇ ಆಗದಿದ್ದರೆ 5. ಭಾನುವಾರ ಅವ್ವ ಗೌರಿಯನ್ನು ಅಂಗಳದಲ್ಲಿ ನಡೆಸಿ, ನೋಡಿ ನಂಬರ್ ಹೇಳುತ್ತಾಳೆ. ಹೋದ ವಾರ 2 ಅಂದಳು. ಚಾಚಾಗೆ ಅವತ್ತೇ ಫೋನ್ ಮಾಡಿದೆ.