ಟಗ್ ನೌಕೆಯ ದುಡಿಮೆ ಮತ್ತು ಅಂತ್ಯ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯವರಾದ ನಮಗೆ ಹೇಮಾವತಿಯ ಹರಿಗೋಲು ಪರಿಚಿತ. ಕಡಲಿನ ಟಗ್ ಅಪರಿಚಿತ. ಆದರೆ 1979ರ ಹಾಸನ–ಮಂಗಳೂರು ರೈಲುಮಾರ್ಗವು ನಮ್ಮನ್ನು ಬಂದರಿಗೆ ಜೋಡಿಸಿದೆ. ಮಂದಗತಿಯ ದೊಡ್ಡ ಹಡಗು ಚುಕ್ಕಾಣಿಗೆ ಸುಲಭವಾಗಿ ಮಣಿಯದು. ಗಾತ್ರಕ್ಕೆ ಮೀರಿದ ಯಂತ್ರಬಲವುಳ್ಳ ಟಗ್ ಅದನ್ನು ಎಳೆದು, ನೂಕಿ ದಕ್ಕೆಗೆ ಸೇರಿಸುತ್ತದೆ.

ಕಚ್ಚಾತೈಲದ ಹಡಗುಗಳು ಕಡಲಿನಲ್ಲಿಯೇ ತೈಲವಿಳಿಸುವ ತಾಣದ ಕೆಲಸಕ್ಕಿದ್ದ 'ಅಲಯನ್ಸ್' ಟಗ್, 2021ರ ಮೇ ತಿಂಗಳ ತೌತೆ ಚಂಡಮಾರುತದಲ್ಲಿ ಮಗುಚಿತು. ಕೆಲವರು ಈಜಿ ದಡ ಸೇರಿದರು. ಕೆಲವರು ಪ್ರಾಣ ತೆತ್ತರು. ಕಾಪುವಿನ ಬಳಿ ಬಂಡೆಗಳಿಗೆ ಸಿಲುಕಿದ 'ಕೋರಮಂಡಲ್ ಸಪೋರ್ಟರ್ 9' ಟಗ್ಗಿನ 9 ಮಂದಿಯನ್ನು ಮೇ 17ರಂದು ತಟರಕ್ಷಣಾ ಪಡೆ ಹಾಗೂ ನೌಕಾಪಡೆಗಳು ಪಾರುಮಾಡಿದವು.

ಬಂದರಿನ ಚರಿತ್ರೆಯನ್ನು ಸರಕಿನ ಟನ್ನುಗಳಲ್ಲಿ ಬರೆಯುವುದು ವಾಡಿಕೆ. ಆ ಸರಕಿಗಾಗಿ ದುಡಿದು ಮಡಿದ ನಾವಿಕರಿಗೂ ಅದರಲ್ಲಿ ಸ್ಥಾನವಿರಬೇಕೆಂದು ನಾವು ಭಾವಿಸುತ್ತೇವೆ.