ನೀರಿನ ಮೆಟ್ಟಿಲೇರುವ ದೋಣಿ

ಪ್ರವಾಸವೆಂದರೆ ಕಡಿಮೆ ದಿನಗಳಲ್ಲಿ ಆದಷ್ಟು ಹೆಚ್ಚು ಊರು ನೋಡಿ ಬರುವುದು ಎಂಬ ಲೆಕ್ಕಾಚಾರ ನಮ್ಮಲ್ಲಿ ಅನೇಕರದು. ಈ ಲೆಕ್ಕಕ್ಕೆ ಪೂರ್ತಿ ವಿರುದ್ಧವಾದ ಪ್ರವಾಸವೊಂದು ದಕ್ಷಿಣ ಫ್ರಾನ್ಸಿನಲ್ಲಿದೆ. ಅಲ್ಲಿ ಗಂಟೆಗೆ 8 ಕಿಲೋಮೀಟರಿಗಿಂತ ವೇಗವಾಗಿ ಹೋಗುವಂತಿಲ್ಲ. ದಡದ ಮೇಲೆ ಸೈಕಲ್ ತುಳಿಯುವ ಹುಡುಗ ಕೈಬೀಸಿ ಮುಂದೆ ಹೋಗಿಬಿಡುತ್ತಾನೆ. ಆದರೂ ಪ್ರತಿವರ್ಷ ಬೇಸಿಗೆಯಲ್ಲಿ ಯೂರೋಪಿನ ನಾನಾ ಕಡೆಗಳಿಂದ ಕುಟುಂಬಗಳು ಮಕ್ಕಳು ಮರಿಗಳೊಂದಿಗೆ ಇಲ್ಲಿಗೆ ಬರುತ್ತವೆ.

ಇದರ ಹೆಸರು ಕನಾಲ್ ದ್ಯು ಮಿದಿ. ತುಲೂಸ್ ನಗರದಿಂದ ಮೆಡಿಟರೇನಿಯನ್ ಕರಾವಳಿಯ ತೋ ಸರೋವರದವರೆಗೆ 240 ಕಿಲೋಮೀಟರ್ ಉದ್ದದ ಕಾಲುವೆ. ಮಲಗುವ ಕೋಣೆ, ಅಡುಗೆಮನೆ, ಸ್ನಾನದ ಮನೆ ಎಲ್ಲವೂ ಇರುವ ಪುಟ್ಟ ದೋಣಿ ಇಲ್ಲಿ ವಾರದ ಬಾಡಿಗೆಗೆ ಸಿಗುತ್ತದೆ. ನಡೆಸಲು ಪರವಾನಗಿ ಬೇಕಿಲ್ಲ. ಚುಕ್ಕಾಣಿ ಹಿಡಿಯುವುದು, ನಿಲ್ಲಿಸುವುದು, ಹಗ್ಗ ಕಟ್ಟುವುದು ಇಷ್ಟನ್ನು ಹೊರಡುವ ಮುನ್ನ ಕಲಿಸಿಕೊಡುತ್ತಾರೆ. ದ್ರಾಕ್ಷಿ ತೋಟಗಳ ನಡುವೆ ಸಾಗಿ, ಸಂಜೆಯಾದರೆ ಯಾವುದಾದರೂ ಹಳ್ಳಿಯ ಪಕ್ಕ ದಡಕ್ಕೆ ಕಟ್ಟಿ, ಬೆಳಿಗ್ಗೆ ಬ್ರೆಡ್ಡು ತಂದು ಮತ್ತೆ ಹೊರಡುವುದು. ಪ್ರವಾಸ ಎಂದರೆ ಇಷ್ಟೇ.

ದೋಣಿ ಬೆಟ್ಟ ಹತ್ತುವ ಬಗೆ

ಆದರೆ ಈ ಪಯಣದಲ್ಲಿ ಮಕ್ಕಳು ಬಾಯಿಬಿಟ್ಟು ನೋಡುವ ಸಂಗತಿಯೊಂದಿದೆ. ದೋಣಿ ಇಲ್ಲಿ ಏರು ಹತ್ತುತ್ತದೆ!

ಇಳಿಜಾರಿನಲ್ಲಿ ಕಾಲುವೆ ತೋಡಿದರೆ ನೀರು ಹರಿದು ಹೋಗುತ್ತದೆ, ದೋಣಿ ತೇಲುವುದಿಲ್ಲ. ಆದ್ದರಿಂದ ಕಾಲುವೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾರೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ದೋಣಿಯನ್ನು ದಾಟಿಸುವ ಏರ್ಪಾಡಿಗೆ ಲಾಕ್ ಎಂದು ಹೆಸರು. ಅದು ಎರಡು ಜೊತೆ ಬಾಗಿಲುಗಳ ನಡುವಿನ ದೊಡ್ಡ ಕಲ್ಲಿನ ತೊಟ್ಟಿ. ದೋಣಿ ಕೆಳಬಾಗಿಲಿನಿಂದ ಒಳಹೊಕ್ಕ ಮೇಲೆ ಆ ಬಾಗಿಲು ಮುಚ್ಚುತ್ತದೆ. ಮೇಲಿನ ತೂಬು ತೆರೆದಾಗ ನೀರು ನುಗ್ಗಿ ತೊಟ್ಟಿ ತುಂಬುತ್ತದೆ, ನೀರಿನೊಂದಿಗೆ ದೋಣಿಯೂ ಏರುತ್ತದೆ. ನೀರು ಮೇಲಿನ ಮಟ್ಟಕ್ಕೆ ಬಂದಾಗ ಮುಂದಿನ ಬಾಗಿಲು ತೆರೆಯುತ್ತದೆ. ಎತ್ತುವ ಕೆಲಸವೆಲ್ಲ ನೀರಿನದೇ. ಬೆಜಿಯೆ ಪಟ್ಟಣದ ಬಳಿಯ ಫೋನ್ಸೆರಾನಿನಲ್ಲಿ ಇಂಥ ತೊಟ್ಟಿಗಳು ಒಂದಕ್ಕೊಂದು ಅಂಟಿಕೊಂಡು ಇಪ್ಪತ್ತು ಮೀಟರಿಗೂ ಎತ್ತರದ ನೀರಿನ ಮೆಟ್ಟಿಲಸಾಲೇ ಆಗಿದೆ. ಇಲ್ಲಿಯ ತೊಟ್ಟಿಗಳ ಗೋಡೆಗಳು ನೇರವಾಗಿಲ್ಲ, ಮೊಟ್ಟೆಯಂತೆ ಬಾಗಿವೆ. ಕಮಾನಿನ ಹಾಗೆ ಅವು ಸುತ್ತಲಿನ ಮಣ್ಣಿನ ಒತ್ತಡವನ್ನು ತಡೆಯುತ್ತವೆ.

ವಿದ್ಯಾರ್ಥಿಗಳು ಇಲ್ಲೊಂದು ಪ್ರಶ್ನೆ ಕೇಳಬಹುದು. ಪ್ರತಿ ಸಲ ದೋಣಿ ದಾಟಿದಾಗಲೂ ತೊಟ್ಟಿ ತುಂಬ ನೀರು ಕೆಳಕ್ಕೆ ಹೋಗುತ್ತದೆ. ಕಾಲುವೆಯ ಅತಿ ಎತ್ತರದ ಜಾಗ ನೋರೂಜ್. ಸಮುದ್ರಮಟ್ಟದಿಂದ ಸುಮಾರು 190 ಮೀಟರ್ ಮೇಲಿರುವ ಅಲ್ಲಿಂದ ಎರಡೂ ಕಡೆಗೆ ಇಳಿಜಾರು. ಹಾಗಾದರೆ ಅಲ್ಲಿಗೆ ನೀರು ಬರುವುದೆಲ್ಲಿಂದ?

ಉಪ್ಪಿನ ತೆರಿಗೆಯವನ ಕನಸು

ಈ ಪ್ರಶ್ನೆಗೆ ಉತ್ತರ ಕಂಡದ್ದು ಎಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಪಿಯರ್ ಪಾಲ್ ರಿಕೆ. ಅಟ್ಲಾಂಟಿಕ್ ಕಡೆಯಿಂದ ಮೆಡಿಟರೇನಿಯನ್ನಿಗೆ ಸರಕು ಸಾಗಿಸಲು ಆಗ ಹಡಗುಗಳು ಸ್ಪೇನ್ ದೇಶವನ್ನೇ ಬಳಸಿ ಬರಬೇಕಿತ್ತು. ದಾರಿಯಲ್ಲಿ ಬಿರುಗಾಳಿ, ಕಡಲ್ಗಳ್ಳರ ಭಯ ಬೇರೆ. ತುಲೂಸಿನ ಮೂಲಕ ಹರಿಯುವ ಗರೋನ್ ನದಿ ಅಟ್ಲಾಂಟಿಕ್ ಸೇರುತ್ತದೆ. ಅದಕ್ಕೊಂದು ಕಾಲುವೆ ಜೋಡಿಸಿದರೆ ಎರಡು ಸಮುದ್ರಗಳು ಕೂಡಿದಂತೆ. ಆಲೋಚನೆ ಹಳೆಯದೇ. ಎಲ್ಲರೂ ಸೋತದ್ದು ನೀರಿನ ವಿಷಯದಲ್ಲಿ.

ರಿಕೆ ಕಾಲುವೆಯ ದಾರಿ ಬಿಟ್ಟು ಉತ್ತರದ ಕಪ್ಪು ಬೆಟ್ಟಗಳ ಕಡೆ ನೋಡಿದ. ಅಲ್ಲಿಯ ತೊರೆಗಳ ಜಾಡು ಬಲ್ಲ, ಊರಿನ ನೀರಿನ ಕೆಲಸ ನೋಡಿಕೊಳ್ಳುತ್ತಿದ್ದ ಪಿಯರ್ ಕಾಂಪ್ಮಾಸ್ ಅವನಿಗೆ ನೆರವಾದ. ತೊರೆಗಳನ್ನು ಸಣ್ಣ ಕಾಲುವೆಗಳಿಗೆ ತಿರುಗಿಸಿ ನೋರೂಜಿಗೆ ತರುವುದು, ಬೇಸಿಗೆಗೆಂದು ಸೇನ್ ಫೆರಿಯೋಲ್ ಎಂಬಲ್ಲಿ ಜಲಾಶಯ ಕಟ್ಟುವುದು, ಇದು ಅವನ ಯೋಜನೆ. ಮಂತ್ರಿ ಕೊಲ್ಬೇರನಿಗೆ ಅದು ಹಿಡಿಸಿತು. 1666ರಲ್ಲಿ ದೊರೆ 14ನೆಯ ಲೂಯಿಯ ಅಪ್ಪಣೆ ಸಿಕ್ಕಿತು.

ಯಂತ್ರಗಳಿಲ್ಲದ ಕಾಲ. ಗುದ್ದಲಿ, ಬುಟ್ಟಿಗಳೇ ಆಧಾರ. ಒಂದು ಹಂತದಲ್ಲಿ ಸುಮಾರು 12,000 ಮಂದಿ ದುಡಿಯುತ್ತಿದ್ದರು. ಅವರಲ್ಲಿ ಹೆಂಗಸರೂ ಬಹಳ. ಅವರು ಮಣ್ಣು ಹೊತ್ತವರಷ್ಟೇ ಅಲ್ಲ. ಪಿರಿನೀಸ್ ಪರ್ವತದ ಹಳ್ಳಿಗಳಲ್ಲಿ ತಲೆಮಾರುಗಳಿಂದ ನೀರು ತಿರುಗಿಸಿ ಬಲ್ಲ ಆ ಹೆಂಗಸರ ತಿಳಿವಳಿಕೆಯೂ ಕಾಲುವೆಯಲ್ಲಿ ಸೇರಿದೆ ಎಂದು ಸಮಾಜಶಾಸ್ತ್ರಜ್ಞೆ ಚಂದ್ರಾ ಮುಖರ್ಜಿ 2009ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಮಳೆ ಬಂದು ಕೆಲಸ ನಿಂತ ದಿನಕ್ಕೂ, ಕಾಯಿಲೆ ಬಿದ್ದ ದಿನಕ್ಕೂ ರಿಕೆ ಕೂಲಿ ಕೊಡುತ್ತಿದ್ದ. ಆ ಕಾಲಕ್ಕೆ ಇದು ಕೇಳರಿಯದ ಮಾತು.

ಹಣ ಮಾತ್ರ ಸಾಲದೆ ಬಂತು. ರಿಕೆ ತನ್ನ ಆಸ್ತಿಯನ್ನೂ ಸುರಿದು ಸಾಲಗಾರನಾದ. 1680ರ ಅಕ್ಟೋಬರಿನಲ್ಲಿ ತೀರಿಕೊಂಡ. ಅವನು ತೋಡಿಸಿದ ಕಾಲುವೆಯಲ್ಲಿ ದೋಣಿ ಸಂಚಾರ ಆರಂಭವಾದದ್ದು ಮರುವರ್ಷ ಮೇ ತಿಂಗಳಲ್ಲಿ!

ಸರಕಿನ ದಾರಿ ಪ್ರವಾಸಿಗರ ಪಾಲಿಗೆ

ಕಾಲುವೆ ಸುಮಾರು ಎರಡು ಶತಮಾನ ಆ ಸೀಮೆಯ ಜೀವನಾಡಿಯಾಗಿತ್ತು. ದಡದ ಮೇಲೆ ಕುದುರೆಗಳು ಹಗ್ಗ ಕಟ್ಟಿ ದೋಣಿ ಎಳೆಯುತ್ತಿದ್ದವು. ಗೋಧಿ, ದ್ರಾಕ್ಷಾರಸ, ಅಂಚೆ, ಪ್ರಯಾಣಿಕರು ಎಲ್ಲಕ್ಕೂ ಇದೇ ದಾರಿ. ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ 1787ರಲ್ಲಿ ತಮ್ಮ ಸಾರೋಟಿನ ಚಕ್ರ ಕಳಚಿಸಿ, ಅದನ್ನೇ ದೋಣಿಯ ಮೇಲಿರಿಸಿಕೊಂಡು ಈ ಕಾಲುವೆಯಲ್ಲಿ ಪಯಣಿಸಿದ್ದರು. 1857ರಲ್ಲಿ ಪಕ್ಕದಲ್ಲೇ ರೈಲು ಬಂದ ಮೇಲೆ ಕಾಲುವೆಯ ಕಳೆ ಇಳಿಯಿತು. 1980ರ ದಶಕ ಮುಗಿಯುವ ಹೊತ್ತಿಗೆ ಸರಕಿನ ದೋಣಿಗಳು ಮರೆಯಾದವು. ಕಾಲುವೆ ಹೂಳು ತುಂಬಿ ಹಾಳಾಗದೆ ಉಳಿದಿದ್ದರೆ ಅದಕ್ಕೆ ವಿಹಾರದ ದೋಣಿಗಳೂ ಕಾರಣ. 1996ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಕಾಲುವೆಗೆ ಹೊಸ ಸಂಕಟ ಬಂದಿದೆ. ಎರಡೂ ದಡದಲ್ಲಿ ಚಪ್ಪರ ಹಾಕಿದಂತೆ ನೆರಳು ಕೊಡುವ ಪ್ಲೇನ್ ಮರಗಳು ಸುಮಾರು 42,000 ಇದ್ದವು. ಬೇರುಗಳಿಂದ ದಡದ ಮಣ್ಣನ್ನು ಹಿಡಿದಿದ್ದವೂ ಅವೇ. 2006ರಲ್ಲಿ ಅವಕ್ಕೆ ಶಿಲೀಂಧ್ರ ರೋಗ ತಗುಲಿರುವುದು ಪತ್ತೆಯಾಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ತಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಈ ರೋಗ ಫ್ರಾನ್ಸಿಗೆ ಬಂತೆನ್ನುತ್ತಾರೆ. ಔಷಧಿಯಿಲ್ಲ. ರೋಗ ಬಂದ ಮರವನ್ನು, ಅದರ ನೆರೆಯ ಮರಗಳನ್ನೂ ಕಡಿದು ಸುಡುವುದೇ ದಾರಿ. ಹೀಗೆ ಸಾವಿರಾರು ಮರಗಳು ಹೋಗಿವೆ. ಹಲವು ಕಡೆ ದೋಣಿಗಳು ಈಗ ಸುಡುಬಿಸಿಲಿನಲ್ಲೇ ಸಾಗುತ್ತವೆ.

ಕಡಿದ ಜಾಗದಲ್ಲಿ ಓಕ್ ಮುಂತಾದ ಬೇರೆ ಬೇರೆ ಜಾತಿಯ ಸಸಿಗಳನ್ನು ನೆಡಲಾಗುತ್ತಿದೆ. ಒಂದೇ ಜಾತಿಯ ಮರಗಳಿದ್ದರೆ ಒಂದೇ ರೋಗಕ್ಕೆ ಎಲ್ಲವೂ ಬಲಿಯಾಗುತ್ತವೆ ಎಂಬ ಪಾಠ ಕಲಿತದ್ದರ ಫಲ ಇದು. ದೋಣಿಯಲ್ಲಿ ಕುಳಿತವರಿಗೆ ಸದ್ಯಕ್ಕೆ ಕಾಣುವುದು ಗೂಟಕ್ಕೆ ಕಟ್ಟಿದ ಎಳೆಯ ಸಸಿಗಳ ಸಾಲು. ಅವು ಚಪ್ಪರವಾಗಲು ಹತ್ತಾರು ವರ್ಷ ಬೇಕು. ಇಂದು ಲಾಕ್ ಬಳಿ ಹಗ್ಗ ಹಿಡಿದು ನಿಲ್ಲುವ ಮಕ್ಕಳು ತಮ್ಮ ಮೊಮ್ಮಕ್ಕಳನ್ನು ಕರೆತರುವ ಹೊತ್ತಿಗೆ ಆ ನೆರಳು ಸಿದ್ಧವಾಗಿರುತ್ತದೆ.